ಲೈನ್‌ಮನ್ ಮನೆಗೆ ಟೆಲಿಸ್ಕೋಪ್ ಬಂತು

ಟೆಲಿಸ್ಕೋಪ್ ತಗೋಬೇಕು ಅಂತ ಮನಸ್ಸು ಮಾಡಿದ ದಿನದಿಂದ ನನ್ನ ಬದುಕಿನಲ್ಲಿ ಒಂದಲ್ಲ ಒಂದು ನಗೆಪಾಟಲು ನಡೆಯುತ್ತಲೇ ಬಂದಿದೆ. ಈಗಲೂ ನಿಂತಿಲ್ಲ, ನಿಲ್ಲುವ ಲಕ್ಷಣವೂ ಕಾಣುತ್ತಿಲ್ಲ. ನಾನು ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಮನೆ ಗುಂಡ್ಲುಪೇಟೆಯಲ್ಲಿ, ಡ್ಯೂಟಿ ಹಂಗಳದ ಕಡೆ. ಆಕಾಶದ ವಿಚಾರ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಬದ ಮೇಲಿಂದ ಕೆಳಗೆ ನೋಡಿದರೆ ತಲೆ ಸುತ್ತುತ್ತಿತ್ತು. ಅದಕ್ಕೆ ಮೇಲೆ ನೋಡಿ ಅಭ್ಯಾಸವಾಯಿತು, ಅಷ್ಟೆ.

ಕಂಬದ ಎತ್ತರ

ಒಂದು ಸಂಜೆ ಹಂಗಳದಾಚೆ ಕಾಡಂಚಿನ ಹೊಲವೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಕಟ್ಟೋಕೆ ಹೋಗಿದ್ದೆ. ಕೆಲಸ ಮುಗಿಸಿ, ಲೈನಿಗೆ ಕರೆಂಟ್ ಬಿಡಿ ಅಂತ ಫೋನ್ ಮಾಡಿ, ಬದುವಿನ ಮೇಲೆ ಕೂತೆ. ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಅವರೂ ಬಂದು ಪಕ್ಕದಲ್ಲಿ ಕೂತರು. ಸುತ್ತ ಎಲ್ಲೂ ದೀಪವಿಲ್ಲ. ನಕ್ಷತ್ರ ಅಂದರೆ ರಾಗಿ ಚೆಲ್ಲಿದ ಹಾಗೆ.

ಯಜಮಾನರು ಕೋಲೆತ್ತಿ ತೋರಿಸಿದರು. "ಅಗೋ, ಮಿಣುಕ್‌ದೆ ಸುಮ್ನೆ ನಿಂತವ್ನಲ್ಲ, ಅವ್ನೇ ಸನಿಮಾತ್ಮ. ಏಳೂವರೆ ವರ್ಸದಿಂದ ನನ್ನ ತಲೆ ಮ್ಯಾಲೆ ಕುಂತವ್ನೆ ಅಂತ ಜೋಯಿಸ್ರು ಅಂದ್ರು. ನೋಡುದ್ರೆ ಅಲ್ಲವ್ನೆ!"

ನಾನು ನಕ್ಕೆ. ಅವರು ನಗಲಿಲ್ಲ. ಅವರ ತಲೆಯಲ್ಲಿ ಬೇರೆ ಪ್ರಶ್ನೆ ಇತ್ತು.

"ಬಳೆ ತೊಟ್ಕಂಡವ್ನಂತಲ್ಲ, ಟೀವೀಲಿ ತೋರುಸ್ತಾರೆ. ದಿಟವಾ?"

"ದಿಟ ಯಜಮಾನ್ರೇ. ಆದ್ರೆ ಬರಿಗಣ್ಣಿಗೆ ಕಾಣಲ್ಲ."

"ನಮ್ಗೆ ಕಾಣಕಿಲ್ಲ ಬುಡಿ, ನೆಲದ ಮ್ಯಾಲಿರೋರು. ನೀವು ದಿನಾ ಕಂಬ ಅತ್ತೋರು. ಅಲ್ಲಿಂದ ಕಾಣಲ್ವಾ?"

ಶನಿ ಇಲ್ಲಿಂದ ಸುಮಾರು ನೂರ ನಲವತ್ತು ಕೋಟಿ ಕಿಲೋಮೀಟರ್ ದೂರ ಅಂತ ಎಲ್ಲೋ ಓದಿದ್ದು ನೆನಪಿತ್ತು. ಹೇಳಿದೆ. ಯಜಮಾನರು ಕಂಬವನ್ನೊಂದು ಸಲ, ಶನಿಯನ್ನೊಂದು ಸಲ ನೋಡಿ, ಗಡ್ಡ ಕೆರೆದುಕೊಂಡು ಹೇಳಿದರು:

"ಅಂಗಾದ್ರೆ ಇನ್ನೊಂದೆಲ್ಡು ಕಂಬ ಜಾಸ್ತಿ ಬೇಕಾಯ್ತದೆ."

ಏಣಿ ಇರುವ ಗ್ರಹ

ಆ ಮಾತನ್ನು ಮಾರನೆಯ ದಿನ ಹಂಗಳದ ಬಸ್ ಸ್ಟಾಪಿನ ಟೀ ಹೋಟೆಲಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸಿ ಸುಮ್ಮನೆ ಬಂದಿದ್ದರೆ ಆಗುತ್ತಿತ್ತು. ನಗುವಿನ ಹುರುಪಿನಲ್ಲಿ, "ನೋಡ್ತಿರಿ, ನಾನೇ ಒಂದು ಟೆಲಿಸ್ಕೋಪ್ ತಂದು ಊರಿಗೆಲ್ಲ ಶನಿಯ ಬಳೆ ತೋರುಸ್ತೀನಿ" ಅಂದುಬಿಟ್ಟೆ. ಹೋಟೆಲಿನ ಅಣ್ಣ ಬೋಂಡ ಕರಿಯುತ್ತಿದ್ದವರು ಜಾಲರಿ ಸೌಟು ಎತ್ತಿ, "ಎಲ್ರೂ ಕೇಳುಸ್ಕಂಡ್ರಾ? ಲೈನ್‌ಮನ್ನು ಮಾತು ಕೊಟ್ಟವ್ನೆ" ಅಂದರು. ಅಲ್ಲಿಗೆ ಅದು ಮಾತಲ್ಲ, ಮರ್ಯಾದೆಯ ಪ್ರಶ್ನೆಯಾಯಿತು.

ಟೆಲಿಸ್ಕೋಪ್ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಮೊಬೈಲಿನಲ್ಲಿ ಹುಡುಕಿದೆ. "ಆರುನೂರು ಪಟ್ಟು ದೊಡ್ಡದಾಗಿ ಕಾಣುತ್ತೆ" ಅಂತ ದಪ್ಪಕ್ಷರದಲ್ಲಿ ಬರೆದಿದ್ದ ಒಂದು ಸಿಕ್ಕಿತು. ಡಬ್ಬದ ಮೇಲೆ ನೀಲಿ, ನೇರಳೆ, ಕೇಸರಿ ಬಣ್ಣದ ಲೋಕವೇ ಇತ್ತು. ಬೆಲೆಯೂ ಕಡಿಮೆ. ಕೊಳ್ಳುವ ಬಟನ್ ಒತ್ತಿಯೇಬಿಟ್ಟೆ.

ಬಂದದ್ದು ನನ್ನ ಮೊಣಕೈಯಷ್ಟು ಉದ್ದದ ಕೊಳವೆ. ಮೂರು ಕಾಲಿನ ಸ್ಟ್ಯಾಂಡು, ಹುಟ್ಟಿದ ಕರುವಿನ ಕಾಲಿನ ಹಾಗೆ, ನಿಂತರೂ ನಿಂತಂತಿಲ್ಲ. ಆದರೂ ಜಂಬದಿಂದ ಹೋಟೆಲಿನ ಮುಂದೆ ಮೇಜಿನ ಮೇಲೆ ನಿಲ್ಲಿಸಿದೆ. ಮುಸ್ಸಂಜೆ, ಅರ್ಧ ಚಂದ್ರ ಇದ್ದ. ಮೊದಲು ಹೋಟೆಲಿನ ಅಣ್ಣನೇ ಕಣ್ಣಿಟ್ಟರು.

"ಯಾಕ್ಲಾ ತಮ್ಮ, ಚಂದ್ರ ಚಳಿಜ್ವರ ಬಂದಂಗ್ ನಡುಗ್ತಾವ್ನೆ?"

"ಅಲ್ಲಾಡುಸ್ಬೇಡಿ ಅಣ್ಣ, ಉಸಿರು ಬಿಗಿ ಹಿಡೀರಿ."

"ಉಸುರು ಹಿಡ್ಕಂಡ್ರೆ ನಾನು ಸತ್ತೋಯ್ತೀನಿ, ಚಂದ್ರ ಬದುಕ್ಕತಾನೆ."

ಚಂದ್ರ ಬೇಡ, ನೇರ ಗ್ರಹಕ್ಕೇ ಹೋಗೋಣ ಅಂತ, ದಿಗಂತದ ಅಂಚಿನಲ್ಲಿ ಕೆಂಪಗೆ ಹೊಳೆಯುತ್ತಿದ್ದ ಒಂದನ್ನು ಹಿಡಿದೆ. "ಇದು ಮಂಗಳ" ಅಂತ ಘೋಷಿಸಿದೆ. ಸಾಲುಗಟ್ಟಿ ನೋಡಿದರು. "ಆಹಾ, ಎಷ್ಟು ಕೆಂಪಗವ್ನೆ!" ಅಂದರು. ನನ್ನ ಎದೆ ಉಬ್ಬಿತು. ಐದನೆಯವನು ಹಾಲಿನ ಡೇರಿ ಕಾರ್ಯದರ್ಶಿ; ಬಹಳ ಹೊತ್ತು ನೋಡಿದ. ತಿರುಗಿಸುವ ಗುಂಡಿಯನ್ನು ಅವನೇ ಒಂಚೂರು ತಿರುಗಿಸಿದ.

"ಅಣ್ಣ, ಮಂಗಳ ಗ್ರಹಕ್ಕೆ ಏಣಿ ಹಾಕವ್ರೆ ಕಣಣ್ಣ!"

ನಾನು ನೋಡಿದೆ. ಏಣಿ ಇತ್ತು. ಅದು ಮೂರು ಮೈಲಿಯಾಚೆಯ ಮೊಬೈಲ್ ಟವರಿನ ತುದಿಯ ದೀಪ. ಹೋಟೆಲಿನ ಅಣ್ಣ ಬೋಂಡದ ಬಾಣಲೆಗೆ ವಾಪಸು ಹೋಗುತ್ತಾ ಅಂದರು:

"ಲೈನ್‌ಮನ್ನು ಕಂಡಿಡಿದ ಗ್ರಹ ಅಂದ್ಮೇಲೆ ಏಣಿ ಇಲ್ದೆ ಇದ್ದಾತಾ?"

ಚಾಮರಾಜನಗರದ ಕನ್ನಡಕದಂಗಡಿ

ಒಂದು ತಿಂಗಳು ಹಂಗಳದಲ್ಲಿ ತಲೆಯೆತ್ತಿ ಓಡಾಡಲಾಗಲಿಲ್ಲ. ಬಿಲ್ಲು ಕೊಡೋಕೆ ಹೋದರೂ, "ಮಂಗಳದಲ್ಲಿ ಎಷ್ಟು ಯೂನಿಟ್ ಆಯ್ತಣ್ಣ?" ಅಂತ ಕೇಳೋರು. ಈ ಸಲ ತಿಳಿದವರನ್ನ ಕೇಳಿಯೇ ತಗೊಳ್ಳೋದು ಅಂತ ಹಟ ಹಿಡಿದೆ.

ತಿಳಿದವರು ಯಾರು? ಗಾಜಿನ ವಿಚಾರ ಅಂದಮೇಲೆ ಕನ್ನಡಕದಂಗಡಿಯವನಿಗೆ ಗೊತ್ತಿರಲೇಬೇಕು ಅಂತ ನನ್ನ ಲೆಕ್ಕ. ಆಫೀಸಿನ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋದವನು ಒಂದು ಅಂಗಡಿಗೆ ನುಗ್ಗಿದೆ.

"ಹೇಳಿ ಸಾರ್, ಹತ್ತಿರದ್ದು ಕಾಣಲ್ವಾ, ದೂರದ್ದಾ?"

"ದೂರದ್ದು."

"ಎಷ್ಟು ದೂರದ್ದು?"

"ಶನಿ ಗ್ರಹ."

ಅಂಗಡಿಯವರು ನನ್ನ ಮುಖವನ್ನು ಸಮಾಧಾನವಾಗಿ ನೋಡಿ, "ಮೊದ್ಲು ಇಲ್ಲಿ ಕೂತ್ಕೊಳಿ ಸಾರ್. ಆ ಬೋರ್ಡಿನ ಮೇಲಿಂದ ಓದ್ತಾ ಬನ್ನಿ" ಅಂದರು. ನಾನು ಬಂದದ್ದು ಅದಕ್ಕಲ್ಲ ಅಂತ ಹೇಳುವಷ್ಟರಲ್ಲಿ ಒಂದು ಕಣ್ಣು ಮುಚ್ಚಿಸಿಯಾಗಿತ್ತು. ಮೂರು ಸಾಲು ಓದಿದೆ. ನಾಲ್ಕನೆಯದರಲ್ಲಿ 'ರ' ಅಂದದ್ದು 'ಠ' ಆಗಿತ್ತಂತೆ, 'ದ' ಅಂದದ್ದು 'ಥ'.

"ಸಾರ್, ನಿಮಗೆ ಟೆಲಿಸ್ಕೋಪ್ ಆಮೇಲೆ. ದೂರದ ಕನ್ನಡಕ ಮೊದ್ಲು. ಇಷ್ಟು ದಿನ ಕಂಬ ಹೆಂಗೆ ಹತ್ತಿದ್ರಿ?"

"ಕಂಬ ದಪ್ಪಗಿರುತ್ತಲ್ಲ ಸಾರ್, ಕಾಣುತ್ತೆ."

ಸಂಜೆಯ ಹೊತ್ತಿಗೆ ಕನ್ನಡಕ ತಯಾರಾಯಿತು. ಹಾಕಿಕೊಂಡು ಬಸ್ಸಿಳಿದು ಗುಂಡ್ಲುಪೇಟೆಯಲ್ಲಿ ತಲೆಯೆತ್ತಿದವನು ಹಾಗೇ ನಿಂತೆ. ದೇವರಾಣೆ ಹೇಳುತ್ತೇನೆ, ಆಕಾಶದಲ್ಲಿ ಅಷ್ಟು ನಕ್ಷತ್ರ ಇವೆ ಅಂತ ನಲವತ್ತೆರಡು ವರ್ಷ ನನಗೆ ಗೊತ್ತೇ ಇರಲಿಲ್ಲ. ಕೃತ್ತಿಕೆ ಅಂತ ನಾನು ನೋಡುತ್ತಿದ್ದ ಬಿಳಿಯ ಮಸುಕಿನಲ್ಲಿ ಒಂದೊಂದೇ ನಕ್ಷತ್ರ ಎಣಿಸಬಹುದಾಗಿತ್ತು. ಕುಣಿಯುವಷ್ಟು ಖುಷಿಯಲ್ಲಿ ಮನೆಗೆ ಬಂದೆ. ಬಾಗಿಲು ತೆಗೆದ ಹೆಂಡತಿ ನನ್ನ ಮೂಗಿನ ಮೇಲಿದ್ದದ್ದನ್ನು ನೋಡಿ ಕೇಳಿದಳು:

"ಏನ್ರೀ, ಟೆಲಿಸ್ಕೋಪ್ ತತ್ತೀನಿ ಅಂತ ಓದ್ರಿ... ಇಷ್ಟೇ ಚಿಕ್ಕದು ಸಿಕ್ತಾ?"

ಮೇಡಮ್ಮು ಮಾಡಿದ ಪರೀಕ್ಷೆ

ಆ ಕನ್ನಡಕದಂಗಡಿಯವರೇ ಒಂದು ಉಪಕಾರ ಮಾಡಿದ್ದರು. ಚಾಮರಾಜನಗರದಲ್ಲೇ ಇರುವ ಒಬ್ಬರು ನಿವೃತ್ತ ಫಿಸಿಕ್ಸ್ ಲೆಕ್ಚರರ್ ಮೇಡಮ್ಮಿನ ಮನೆ ಗುರುತು ಹೇಳಿ, "ಅವರ ಮನೇಲಿ ದೊಡ್ಡ ಟೆಲಿಸ್ಕೋಪ್ ಅದೆ, ಅವರನ್ನ ಕೇಳಿ" ಅಂದಿದ್ದರು. ಮುಂದಿನ ಭಾನುವಾರ ಹೋದೆ.

ಮೇಡಂ ಬಾಗಿಲಲ್ಲೇ ನಿಲ್ಲಿಸಿಕೊಂಡು ವಿಚಾರಣೆ ಮಾಡಿದರು. ಹೆಣ್ಣು ಕೇಳಲು ಬಂದ ಹುಡುಗನನ್ನೂ ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಎಲ್ಲಿ ಕೆಲಸ? ಮನೆಗೆ ಮಹಡಿ ಇದೆಯಾ? ಎದುರಿಗೆ ಬೀದಿದೀಪ ಇದೆಯಾ? ಕೊನೆಗೆ, "ಏನು ನೋಡಿ ತಗೋಬೇಕು ಅಂದ್ಕೊಂಡಿದ್ದೀರಿ?"

"ಎಷ್ಟು ಪಟ್ಟು ದೊಡ್ಡದು ಮಾಡುತ್ತೆ ಅಂತ ನೋಡಿ, ಮೇಡಂ."

"ನೀವು ಲೈನ್‌ಮನ್ ತಾನೇ? ಸಣ್ಣ ತಂತಿ ಎಳೆದು ಹತ್ತು ಎಚ್.ಪಿ. ಮೋಟರಿಗೆ ಕೊಟ್ಟರೆ ಏನಾಗುತ್ತೆ?"

"ಸುಟ್ಟೋಗುತ್ತೆ ಮೇಡಂ."

"ಇದೂ ಅಷ್ಟೇ. ಸಣ್ಣ ಬಾಯಿಯ ಕೊಳವೆಯಲ್ಲಿ ಬರೋ ಬೆಳಕು ಒಂದಿಷ್ಟು. ಅದನ್ನೇ ಆರುನೂರು ಪಟ್ಟು ಹಿಗ್ಗಿಸಿದರೆ ಮಬ್ಬು ಮಾತ್ರ ಸಿಗುತ್ತೆ. ಪಟ್ಟಿನ ಲೆಕ್ಕ ಬಿಡಿ. ಒಳಗಿರೋ ಕನ್ನಡಿ ಎಷ್ಟು ಅಗಲ ಅಂತ ಕೇಳಿ. ಐದು ಇಂಚಿದ್ದರೆ ಶುರು ಮಾಡೋರಿಗೆ ಬೇಕಾದಷ್ಟು. ಎರಡನೆಯದು, ಸ್ಟ್ಯಾಂಡು. ಬೆರಳಲ್ಲಿ ತಟ್ಟಿ ನೋಡಿ. ಅದುರಿದ್ದು ಮೂರು ಎಣಿಸೋದರೊಳಗೆ ನಿಂತರೆ ತಗೊಳ್ಳಿ, ಇಲ್ಲದಿದ್ದರೆ ನಮಸ್ಕಾರ ಹೇಳಿ ಬನ್ನಿ. ಮೂರನೆಯದು, ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ. ಅದು ತಮಾಷೆಯಲ್ಲ, ಕಣ್ಣೇ ಹೋಗುತ್ತೆ."

ನಾನು ಇಲಾಖೆಯ ಡೈರಿಯಲ್ಲಿ ಎಲ್ಲವನ್ನೂ ಬರೆದುಕೊಂಡೆ.

"ನಾಲ್ಕನೆಯದು ತೂಕ. ಎತ್ತೋಕೆ ಆಗದ ಟೆಲಿಸ್ಕೋಪು ಎರಡೇ ತಿಂಗಳಲ್ಲಿ ಮಂಚದ ಕೆಳಗೆ ಸೇರುತ್ತೆ. ನಿಮ್ಮ ಕೈಲಾಗುತ್ತೋ ಇಲ್ಲವೋ ಈಗಲೇ ನೋಡಿಬಿಡೋಣ. ಅದನ್ನ ಎತ್ತಿ" ಅಂತ ಮೂಲೆಯಲ್ಲಿದ್ದ ಹಳೆಯ ಹೊಲಿಗೆ ಮೆಷಿನ್ನು ತೋರಿಸಿದರು. ಬೀಡುಕಬ್ಬಿಣದ ಹಳೆಯ ಮಾಲು. ಎತ್ತಿದೆ. "ಮೆಟ್ಟಿಲು ಹತ್ತಿ" ಅಂದರು. ಹತ್ತಿದೆ. "ಬಲಗಡೆ ರೂಮಿಗೆ ಹೋಗಿ." ಹೋದೆ. "ಕಿಟಕಿ ಹತ್ತಿರ." ಕಿಟಕಿಯ ಹತ್ತಿರ ನಿಂತು, ಏದುಸಿರು ಬಿಡುತ್ತಾ, "ಪಾಸಾ ಮೇಡಂ?" ಅಂದೆ.

"ಪಾಸು. ಅಲ್ಲೇ ಇಟ್ಟುಬಿಡಿ. ಅದನ್ನ ಮಹಡಿಗೆ ಸಾಗಿಸೋಕೆ ಎರಡು ತಿಂಗಳಿಂದ ಒಬ್ಬರೂ ಸಿಕ್ಕಿರಲಿಲ್ಲ."

ಅಂಗಡಿಯಲ್ಲಿ, ಬಸ್ಸಿನಲ್ಲಿ

ಮೇಡಂ ಹೇಳಿದ ಮೈಸೂರಿನ ಅಂಗಡಿಗೆ ರಜೆ ಹಾಕಿ ಹೋದೆ. ಅಂಗಡಿಯವನು ಫಳಫಳ ಹೊಳೆಯುವ ಒಂದನ್ನು ಮುಂದೆ ತಂದಿಟ್ಟು, "ಇದು ಐನೂರು ಪಟ್ಟು ಸಾರ್" ಅಂದ.

"ಪಟ್ಟು ಬಿಡಿ. ಕನ್ನಡಿ ಎಷ್ಟು ಅಗಲ?"

ಅವನ ನಗು ಸ್ವಲ್ಪ ಕಿರಿದಾಯಿತು. "ಮೂರು ಇಂಚು ಸಾರ್."

ನಾನು ಸ್ಟ್ಯಾಂಡನ್ನು ಬೆರಳಲ್ಲಿ ತಟ್ಟಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು ಅಂತ ಜೋರಾಗಿ ಎಣಿಸಿದೆ. ಏಳಕ್ಕೆ ಅವನೇ ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಆಮೇಲೆ ಒಳಗಿನಿಂದ ಇನ್ನೊಂದು ಬಂತು: ಐದು ಇಂಚು ಕನ್ನಡಿ, ಗಿಡ್ಡ ದಪ್ಪ ಕೊಳವೆ, ಕಾಲೇ ಇಲ್ಲ, ಮರದ ಪೀಠದ ಮೇಲೆ ಬೀಸುವ ಕಲ್ಲಿನ ಹಾಗೆ ತಿರುಗುತ್ತೆ. ಮೇಜಿನ ಮೇಲೋ ಕಲ್ಲಿನ ಮೇಲೋ ಇಟ್ಟರೆ ಆಯಿತು. ತಟ್ಟಿದೆ. ಒಂದು ಎನ್ನುವುದರೊಳಗೆ ನಿಂತಿತು. ನೋಡೋಕೆ ಅಂದಚಂದವಿಲ್ಲ. ಆದರೆ ಕನ್ನಡಿಯೊಳಗೆ ಇಣುಕಿದರೆ ನನ್ನ ಮುಖ ಹಬ್ಬದ ತಟ್ಟೆಯಷ್ಟಾಗಿ ಕಂಡಿತು.

ಅಂಗಡಿಯವನು ಪ್ಯಾಕ್ ಮಾಡುತ್ತಾ ವಿನಯದಿಂದ ಕೇಳಿದ, "ಸಾರ್ ಯಾವ ಕಾಲೇಜಿನಲ್ಲಿ ಲೆಕ್ಚರರ್ರು?"

"ಹಂಗಳ ಸೆಕ್ಷನ್ನು, ಲೈನ್‌ಮನ್" ಅಂದೆ. ಆ ಡಬ್ಬ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದು ಬಂದೆನಲ್ಲ, ಆವತ್ತಿನ ನಡಿಗೆಯೇ ಬೇರೆ.

ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲೆ. ಕೆಳಗಿಡೋಕೆ ಮನಸ್ಸಿಲ್ಲ. ಕಂಡಕ್ಟರ್ ಬಂದವರು, "ಏನಣ್ಣ ಇದು, ಮಿಕ್ಸಿನಾ?" ಅಂದರು.

"ಟೆಲಿಸ್ಕೋಪು. ದೂರದ್ದೆಲ್ಲ ಹತ್ತಿರ ಕಾಣುತ್ತೆ."

ಕಂಡಕ್ಟರ್ ಆಕಡೆ ಈಕಡೆ ನೋಡಿ, ಬಗ್ಗಿ, ಕಿವಿಯ ಹತ್ತಿರ ಬಂದು ಕೇಳಿದರು:

"ಮುಂದ್ಲ ಸ್ಟಾಪಲ್ಲಿ ಚೆಕಿಂಗ್‌ನೋರು ನಿಂತವ್ರಾ ನೋಡ್ಬೌದಾ?"

ಅವ್ವನ ದರ್ಶನ

ಟೆಲಿಸ್ಕೋಪಿನ ಬೆನ್ನ ಮೇಲೆ ಒಂದು ಗುರಿ ಹಿಡಿಯುವ ಪುಟ್ಟ ಕೊಳವೆ ಇರುತ್ತೆ. ಎರಡೂ ಒಂದೇ ಕಡೆ ನೋಡುವ ಹಾಗೆ ಹಗಲಿನಲ್ಲೇ ಹೊಂದಿಸಿಕೊಳ್ಳಬೇಕು, ದೂರದ ಯಾವುದಾದರೂ ಅಲುಗಾಡದ ವಸ್ತು ಹಿಡಿದುಕೊಳ್ಳಿ ಅಂತ ಮೇಡಂ ಹೇಳಿದ್ದರು. ಹಂಗಳದವರಿಗೆ ಅಲುಗಾಡದ ವಸ್ತು ಅಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ.

ಆ ವಾರ ನಮ್ಮವ್ವ ಉಮ್ಮತ್ತೂರಿನಿಂದ ಬಂದಿದ್ದಳು. ಅವಳಿಗೆ ಬೆಟ್ಟದ ಸ್ವಾಮಿ ಎಂದರೆ ಪ್ರಾಣ. ಮಂಡಿನೋವು ಶುರುವಾಗಿ ಮೂರು ವರ್ಷದಿಂದ ಬೆಟ್ಟಕ್ಕೆ ಹೋಗಿರಲಿಲ್ಲ. ಬಸ್ಸು ಮೇಲಿನ ತನಕ ಹೋಗುತ್ತೆ ಸರಿ, ಮೆಟ್ಟಿಲು ಹತ್ತಬೇಕಲ್ಲ. "ಬಾ ಅವ್ವ, ಇಲ್ಲಿಂದ್ಲೇ ತೋರುಸ್ತೀನಿ" ಅಂತ ಬೈಕಿನಲ್ಲಿ ಕೂರಿಸಿಕೊಂಡು ಹಂಗಳದ ಸ್ಕೂಲು ಮೈದಾನಕ್ಕೆ ಕರೆತಂದೆ. ಕಲ್ಲು ಬೆಂಚಿನ ಮೇಲೆ ಟೆಲಿಸ್ಕೋಪ್ ಇಟ್ಟು, ಬೆನ್ನಿಗೆ ಬಿಸಿಲು ಬೀಳುವ ಹಾಗೆ ನಿಂತು, ಬೆಟ್ಟದ ನೆತ್ತಿ ಹಿಡಿದೆ. ಗೋಪುರ ಸಿಕ್ಕಿತು. ಅವ್ವನನ್ನು ಕರೆದೆ.

ಅವ್ವ ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದಳು. ನೋಡಿದವಳೇ ಚೀರಿದಳು.

"ಅಯ್ಯೋ ನನ್ನಪ್ಪ! ಗುಡಿ ತಲೆಕೆಳ್ಗಾಗೋಗದೆ! ಸ್ವಾಮಿ ಬಿದ್ದೋಯ್ತನೆ ಕಣ್ಲಾ!"

"ಇಲ್ಲ ಕಣವ್ವ, ಇದು ಕನ್ನಡಿದು. ಎಲ್ಲಾ ಹಿಂಗೇ ಉಲ್ಟಾ ಕಾಣೋದು. ಆಕಾಶದಲ್ಲಿ ಮೇಲೆ ಕೆಳಗೆ ಅಂತ ಏನಿಲ್ಲವಲ್ಲ, ಅದಕ್ಕೆ ನಡೀತದೆ."

"ಆಕಾಸದಲ್ಲಿ ಇಲ್ದೆ ಇರ್ಬೌದು. ಸ್ವಾಮಿಗೆ ಅದೆ."

ಮತ್ತೆ ಕಣ್ಣಿಟ್ಟಳು. ಈ ಸಲ ಕೈ ಮುಗಿದುಕೊಂಡೇ ನೋಡಿದಳು. ಗೋಪುರ, ಮೆಟ್ಟಿಲು, ಇರುವೆ ಗಾತ್ರದ ಜನ. ಕಣ್ಣು ತೆಗೆದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿನಲ್ಲೇ ಅಂದಳು:

"ಇದ್ರಲ್ಲಿ ನೋಡುದ್ರೆ ಮೆಟ್ಲೆಲ್ಲ ಇಳ್ಜಾರಾಗೇ ಅವೆಯಲ್ಲೊ! ಮೂರು ವರ್ಸದ ಇಂದೇನೆ ತಂದಿದ್ರೆ ನನ್ನ ಮಂಡಿ ಉಳ್ದಿರದು."

ಗುರಿ ಇಟ್ಟವನು

ಚಂದ್ರನ ಮೇಲೆ ಕೈ ಪಳಗಿಸಿಕೊಳ್ಳೋಣ ಅಂತ ಒಂದು ಸಂಜೆ ಕಾಡಂಚಿನ ಅದೇ ಯಜಮಾನರ ಹೊಲಕ್ಕೆ ಹೋಗಿದ್ದೆ. ಹೊಲದ ಬದುವಿನ ಕಲ್ಲಿನ ಮೇಲೆ ಕೊಳವೆ, ಅದರ ಹಿಂದೆ ಮಂಡಿಯೂರಿ ಕೂತ ನಾನು. ದೂರದಿಂದ ನೋಡಿದವರಿಗೆ ಏನನ್ನಿಸುತ್ತೆ ಅಂತ ನನಗೆ ಹೊಳೆದಿರಲಿಲ್ಲ.

"ಏಯ್! ಕೈ ಮ್ಯಾಕೆತ್ತು!"

ಫಾರೆಸ್ಟ್ ಗಾರ್ಡು. ಕೈಯಲ್ಲಿ ಟಾರ್ಚು, ಮುಖದಲ್ಲಿ ಬೆವರು. ನಾನು ಎರಡೂ ಕೈ ಎತ್ತಿದೆ.

"ಯಾವ ಪ್ರಾಣಿ ಮೇಲೆ ಗುರಿ ಇಟ್ಟಿದ್ದೀಯ? ಸುಳ್ಳು ಹೇಳ್ಬೇಡ."

"ಚಂದ್ರನ ಮೇಲೆ ಸಾರ್."

"ಚಂದ್ರ ಯಾರು?"

ನಾನು ಮೇಲೆ ತೋರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. "ಸರಿ, ನಾನೇ ನೋಡ್ತೀನಿ" ಅಂತ ಟಾರ್ಚು ಬಗಲಿಗಿಟ್ಟು ಕಣ್ಣಿಟ್ಟರು. ಅಲ್ಲಿಗೆ ವಿಚಾರಣೆ ಮುಗಿಯಿತು. ಚಂದ್ರನ ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಗುಳಿಗಳೆಲ್ಲ ಉಬ್ಬಿಕೊಂಡು ಕಾಣುತ್ತವೆ. ಮೊದಲ ಸಲ ನೋಡಿದವರು ಸುಲಭವಾಗಿ ಎದ್ದೇಳೋಲ್ಲ. ಗಾರ್ಡು ಎದ್ದೇಳಲಿಲ್ಲ. "ಅಯ್ಯೋ ಸಿವನೇ, ಆನೆ ಎಜ್ಜೆ ಬಿದ್ದಂಗವೆ ಗುಂಡಿಗಳು" ಅನ್ನೋರು. "ಈ ಗುಂಡಿಲಿ ನೀರದಾ?" ಅನ್ನೋರು. ಚಂದ್ರ ಸರಿಯುತ್ತಿದ್ದ ಹಾಗೆ ಕೊಳವೆಯನ್ನು ತಳ್ಳೋದನ್ನೂ ತಾವೇ ಕಲಿತುಕೊಂಡರು. ನನಗೆ ನನ್ನ ಟೆಲಿಸ್ಕೋಪು ಕಾಲು ಗಂಟೆ ಸಿಗಲಿಲ್ಲ.

ಅವರ ಸೊಂಟದ ವಾಕಿಟಾಕಿ ಕರಕರ ಅಂದಿತು. ಮೇಲಿನವರು ಕೇಳುತ್ತಿದ್ದರು: "ಎಲ್ಲಿದ್ದೀರಿ? ಎಷ್ಟೊತ್ತಿಂದ ಕೂಗ್ತಾ ಇದ್ದೀನಿ!"

ಗಾರ್ಡು ಕಣ್ಣು ತೆಗೆಯದೆ, ಕೈಯಿಂದ ತಡಕಿ ಬಟನ್ ಒತ್ತಿ, ಶ್ರದ್ಧೆಯಿಂದ ಉತ್ತರ ಕೊಟ್ಟರು:

"ಸಾರ್, ಚಂದ್ರನ ಮೇಲಿದ್ದೀನಿ ಸಾರ್. ಇಲ್ಲಿ ಎಲ್ಲಾ ಶಾಂತವಾಗದೆ."

ಶನಿಯ ಸಂಜೆ

ಚಳಿ ಶುರುವಾಗಿತ್ತು. ಮೋಡ ಹರಿದು ಆಕಾಶ ತೊಳೆದಿಟ್ಟ ಹಾಗಿತ್ತು. ಸಂಜೆ ಏಳಕ್ಕೆಲ್ಲ ಶನಿ ನೆತ್ತಿಯ ಕಡೆಗೆ ಬಂದು ನಿಲ್ಲುತ್ತಿದ್ದ. ನಾನು ಹೋಟೆಲಿಗೆ ಹೋಗಿ, "ಶುಕ್ರವಾರ, ಸ್ಕೂಲು ಮೈದಾನ, ಏಳು ಗಂಟೆ" ಅಂತ ಮಾತ್ರ ಹೇಳಿ ಬಂದೆ. ನನಗೆ ಆವತ್ತು ರಾತ್ರಿ ಪಾಳಿ ಇರಲಿಲ್ಲ. ಜೊತೆಯವನೊಬ್ಬ ಲೈನ್ ನೋಡಿಕೊಳ್ಳುತ್ತಿದ್ದ.

ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಅರ್ಧ ಊರು ಬಂದಿತ್ತು. ನೋಡೋಕೆ ಬಂದವರು ಅರ್ಧ, ನಗೋಕೆ ಬಂದವರು ಇನ್ನರ್ಧ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಹೋಟೆಲಿನ ಅಣ್ಣ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮುಂದೆ ಹಾಕಿಕೊಂಡು, "ಏಣಿ ತಂದಿದ್ದೀಯೇನಪ್ಪ?" ಅಂದರು. ಶನಿಯನ್ನು ಮನೆಯ ಮಹಡಿಯಿಂದ ನಾಲ್ಕು ಸಲ ಹಿಡಿದಿದ್ದೆ, ನಿಜ. ಆದರೆ ಮದುವೆ ಮನೆಯ ದಿನವೇ ಅನ್ನ ಸೀಯುವುದು.

ಸೀಯಿತು ಕೂಡ. ಮೈದಾನದ ಮೂಲೆಯಲ್ಲಿ ಪಂಚಾಯ್ತಿಯವರು ಹೊಸದಾಗಿ ಹಾಕಿದ ಬೀದಿದೀಪ ನೇರ ಕಣ್ಣಿಗೇ ಹೊಡೆಯುತ್ತಿತ್ತು. ಜನ ಕೂಗಿದರು, "ಅಣ್ಣ, ಕರೆಂಟೇ ನಿಮ್ದು, ತೆಗ್ದುಬುಡಿ!"

"ಶನಿ ನೋಡೋಕೆ ಅಂತ ಲೈನ್ ತೆಗೆದರೆ ನಾನು ಮನೇಲಿ ಕೂತು ದಿನಾ ಶನಿ ನೋಡ್ಬೇಕಾಗುತ್ತೆ" ಅಂದೆ. ಕೊನೆಗೆ ನಾಲ್ಕು ಜನ ಒಂದು ಟಾರ್ಪಾಲು ಎತ್ತಿ ಹಿಡಿದು ನಿಂತರು. ಅದರ ನೆರಳಿನಲ್ಲಿ ಗುರಿಕೊಳವೆ ಹಿಡಿದು ತಡಕಿದೆ. ಬಂತು. ಕಪ್ಪು ಬಟ್ಟೆಯ ಮೇಲಿಟ್ಟ ಚಿನ್ನದ ಗುಂಡು, ಅದರ ಸುತ್ತ ತೆಳ್ಳಗೆ, ಚೊಕ್ಕವಾಗಿ, ಬಳೆ.

ಮೊದಲು ಯಜಮಾನರನ್ನು ಕರೆದೆ. ಕೋಲನ್ನು ಪಕ್ಕದವರ ಕೈಗೆ ಕೊಟ್ಟು ಬಗ್ಗಿದರು.

"ದಿಟ ಕಣಪ್ಪ..." ಅಂದರು, ಬಹಳ ಮೆತ್ತಗೆ. "ತೊಟ್ಟವ್ನೆ. ಬಳೆ ತೊಟ್ಟವ್ನೆ." ಒಂದು ಅರೆನಿಮಿಷ ಬಿಟ್ಟು, ಗಾಬರಿಯಿಂದ, "ಅಯ್ಯೋ! ಸರ್ಕಂಡ! ಓದ, ಓದ, ಓಡೋದ!"

ಭೂಮಿ ತಿರುಗುತ್ತೆ, ಅದಕ್ಕೆ ಶನಿ ಕಣ್ಣಿನಿಂದ ಜಾರುತ್ತಾನೆ, ಕೊಳವೆಯನ್ನು ಮತ್ತೆ ತಳ್ಳಿಕೊಳ್ಳಬೇಕು ಅಂತ ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಜನರ ಕಡೆ ತಿರುಗಿ, ಎದೆಯುಬ್ಬಿಸಿ ಸಾರಿದರು: "ಇಷ್ಟ್ ವರ್ಸ ಅವ್ನು ನನ್ನ ನೋಡ್ತಿದ್ದ. ಇವತ್ತು ನಾನು ಅವ್ನ ನೋಡ್ಬುಟ್ಟೆ. ಒಂದೇ ನೋಟಕ್ಕೆ ಓಡೋದ ಕಣ್ರಲಾ!"

ಆಮೇಲೆ ಸಾಲು ಮೈದಾನದ ಗೇಟಿನ ತನಕ ಬೆಳೆಯಿತು. ಹೋಟೆಲಿನ ಅಣ್ಣನ ಸರದಿ ಬಂದಾಗ ನಾನು ಬೇಕೆಂದೇ ಏನೂ ಹೇಳಲಿಲ್ಲ. ಕಣ್ಣಿಟ್ಟರು. ತೆಗೆದು, ಕೊಳವೆಯ ಮುಂದಿನ ಬಾಯಿಯಲ್ಲಿ ಯಾರಾದರೂ ಚಿತ್ರ ಅಂಟಿಸಿದ್ದಾರಾ ಅಂತ ಇಣುಕಿ ನೋಡಿದರು. ಮತ್ತೆ ಕಣ್ಣಿಟ್ಟರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎತ್ತಿ ತಂದು ನನ್ನ ಹಿಂದೆ ಹಾಕಿ, "ಕುಂತ್ಕಪ್ಪ. ಎಷ್ಟೊತ್ತು ನಿಂತಿರ್ತೀಯ" ಅಂದರು. ಅಷ್ಟು ಸಾಕಾಗಿತ್ತು ನನಗೆ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಬೀದಿದೀಪ, ಮನೆ, ಅಂಗಡಿ, ಎಲ್ಲ ಒಂದೇ ಸಲ ಆರಿ ಆಕಾಶ ದಡಾರನೆ ಕೆಳಗಿಳಿದು ಬಂದಂತಾಯಿತು. ಆಮೇಲೆ ಮೈದಾನ ತುಂಬ ಚಪ್ಪಾಳೆ, ಸಿಳ್ಳೆ. "ಲೈನ್‌ಮನ್ನಣ್ಣನಿಗೆ ಜೈ!" ಅಂತ ಕೂಗು. ಟಾರ್ಪಾಲಿನವರು ಟಾರ್ಪಾಲು ಬಿಸಾಕಿ ಸಾಲಿಗೆ ಓಡಿದರು.

"ನಾನಲ್ಲಪ್ಪ ತೆಗೆದದ್ದು!" ಅಂತ ಬಡಿದುಕೊಂಡೆ. ಹೋಟೆಲಿನ ಅಣ್ಣ ಕತ್ತಲಲ್ಲೇ ಕಣ್ಣು ಮಿಟುಕಿಸಿದ್ದು ನನಗೆ ಗೊತ್ತಾಯಿತು. "ಯಾರ್ಗೂ ಯೋಳಕಿಲ್ಲ ಬುಡು" ಅಂದರು.

ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ. ಎಲ್ಲೋ ಕೊಂಬೆ ತಗುಲಿ ಫೀಡರ್ ಟ್ರಿಪ್ ಆಗಿದೆ, ಜೊತೆಯವನು ಹೊರಟಿದ್ದಾನೆ ಅಂದರು. ಸಾಮಾನ್ಯವಾಗಿ ಅವನಿಗೆ ಒಂದು ಗಂಟೆ ಹಿಡಿಯುತ್ತೆ. ಆವತ್ತು ಅದೇನು ಹುರುಪು ಬಂದಿತ್ತೋ, ಇಪ್ಪತ್ತು ನಿಮಿಷಕ್ಕೆ ಕೊಂಬೆ ಕಡಿದು ಲೈನ್ ಕೊಟ್ಟುಬಿಟ್ಟ. ದೀಪವೆಲ್ಲ ಝಗ್ಗನೆ ಹತ್ತಿಕೊಂಡಿತು. ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ಇದ್ದರು.

"ಯಾವನ್ಲಾ ಅವ್ನು ಕರೆಂಟ್ ಕೊಟ್ಟವ್ನು!"

"ಬೇಕಾದಾಗ ಕೊಡಲ್ಲ, ಬ್ಯಾಡ್ದಾಗ ಕೊಡ್ತಾರೆ!"

ಗಲಾಟೆಯ ನಡುವೆ ಹೋಟೆಲಿನ ಅಣ್ಣ ಪಕ್ಕಕ್ಕೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಜೋರು ಜೋರಾಗಿ ಮಾತಾಡುತ್ತಿದ್ದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಮತ್ತೆ ಟಾರ್ಪಾಲು ಎತ್ತಿಸಿ, ಉಳಿದ ಇಪ್ಪತ್ತೂ ಜನಕ್ಕೆ ಬಳೆ ತೋರಿಸಿ ಮನೆಗೆ ಹೋದೆ.

ಮಾರನೆಯ ಬೆಳಗ್ಗೆ ಆಫೀಸಿಗೆ ಹೋದರೆ ಸಬ್‌ಸ್ಟೇಷನ್ ಆಪರೇಟರು ದೂರಿನ ಪುಸ್ತಕ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. "ಸರ್ವೀಸಿನಲ್ಲಿ ಇಂಥದ್ದು ಒಂದೂ ಬರೆದುಕೊಂಡಿರಲಿಲ್ಲ ಮಾರಾಯ, ನೀನೇ ಓದು" ಅಂತ ಕೈಗಿಟ್ಟರು. ರಾತ್ರಿ ಎಂಟೂಕಾಲಿಗೆ, ಅವರ ದುಂಡಗಿನ ಅಕ್ಷರದಲ್ಲಿ, ನಿಯಮದ ಪ್ರಕಾರ ಎಲ್ಲ ಅಂಕಣವೂ ತುಂಬಿತ್ತು:

"ಸ್ಥಳ: ಹಂಗಳ. ದೂರಿನ ವಿವರ: ಕರೆಂಟ್ ಇದೆ. ಬೇಗ ಯಾರನ್ನಾದರೂ ಕಳಿಸಿ ಸರಿಮಾಡಿಸಬೇಕಂತೆ."